ಬದುಕಿದ್ದೇನೆ ಎಂದು ಎಷ್ಟು ಸಲ ಹೇಳಬೇಕು?

ನವೆಂಬರ್ ತಿಂಗಳಲ್ಲಿ ಯಾವುದಾದರೂ ಊರಿನ ಬ್ಯಾಂಕಿನ ಮುಂದೆ ಬೆಳಿಗ್ಗೆ ಒಂದು ಗಳಿಗೆ ನಿಂತು ನೋಡಿ. ಬಾಗಿಲು ತೆರೆಯುವ ಮೊದಲೇ ಹಿರಿಯರು ಬಂದು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಮಗನ ಬೈಕಿನ ಹಿಂದೆ ಬಂದವರು, ಆಟೊ ಹಿಡಿದು ಬಂದವರು, ಎರಡು ಬಸ್ಸು ಬದಲಿಸಿ ಬಂದವರು. ಎಲ್ಲರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಕವರ್. ಒಳಗೆ ಪಾಸ್‌ಬುಕ್, ಪಿಂಚಣಿ ಆದೇಶದ ಪ್ರತಿ, ಆಧಾರ್ ಕಾರ್ಡು, ಅದರ ಜೆರಾಕ್ಸು. ಅವರು ಬಂದಿರುವುದು ತಾವಿನ್ನೂ ಬದುಕಿದ್ದೇವೆ ಎಂದು ತೋರಿಸುವುದಕ್ಕೆ. ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಂತುಹೋಗುತ್ತದೆ.

ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಸತ್ತವರ ಹೆಸರಿನಲ್ಲಿ ಮನೆಯವರು ವರ್ಷಗಟ್ಟಲೆ ಪಿಂಚಣಿ ಎತ್ತಿಕೊಂಡ ಪ್ರಕರಣಗಳು ನಡೆದಿವೆ. ಅದು ಜನರ ದುಡ್ಡು, ಅದನ್ನು ಕಾಯಲೇಬೇಕು. ನನ್ನ ತಕರಾರು ಇರುವುದು ಕಾಯುವ ಹೊರೆಯನ್ನು ಯಾರ ಹೆಗಲಿಗೆ ಹೊರಿಸಿದ್ದೇವೆ ಎಂಬ ಬಗ್ಗೆ. ನಮ್ಮಲ್ಲಿ 1969ರಿಂದ ಜನನ ಮರಣ ನೋಂದಣಿ ಕಾಯ್ದೆ ಇದೆ. ಯಾರೇ ತೀರಿಕೊಂಡರೂ 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರು, ಮನೆಯಲ್ಲಾದರೆ ಮನೆಯ ಯಜಮಾನರು ತಿಳಿಸಬೇಕು. ಕರ್ನಾಟಕದಲ್ಲಿ ಇದೆಲ್ಲ ಇ-ಜನ್ಮ ತಂತ್ರಾಂಶದಲ್ಲಿ ದಾಖಲಾಗುತ್ತದೆ. 2023ರಲ್ಲಿ ಸಂಸತ್ತು ಈ ಕಾಯ್ದೆಗೆ ತಿದ್ದುಪಡಿ ತಂದು, ದೇಶಕ್ಕೆಲ್ಲ ಒಂದೇ ಜನನ ಮರಣ ದತ್ತಾಂಶ ಇರಬೇಕೆಂದಿತು. ಮತದಾರರ ಪಟ್ಟಿ, ಪಡಿತರ ಚೀಟಿ, ಆಸ್ತಿ ನೋಂದಣಿಯಂಥ ಬೇರೆ ದಾಖಲೆಗಳನ್ನು ನಿರ್ವಹಿಸುವವರಿಗೂ ಅದನ್ನು ಒದಗಿಸಲು ಅವಕಾಶ ಮಾಡಿತು. ಸತ್ತವರ ಪಟ್ಟಿ ಸರ್ಕಾರದ ಕೈಯಲ್ಲೇ ಇದೆ. ಪಿಂಚಣಿದಾರರ ಪಟ್ಟಿಯೂ ಅದರ ಕೈಯಲ್ಲೇ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದು ಕಂಪ್ಯೂಟರಿನ ಕೆಲಸ. ತಾಳೆಯಾಗದೆ ಅನುಮಾನ ಉಳಿದ ಕೆಲವೇ ಹೆಸರುಗಳಿಗಾಗಿ ಮನೆಯ ಬಾಗಿಲಿಗೆ ಹೋಗಿ ವಿಚಾರಿಸಬಹುದು. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಸತ್ತ ಕೆಲವರನ್ನು ಹುಡುಕುವುದಕ್ಕೆ ಬದುಕಿರುವ ಎಲ್ಲರನ್ನೂ ಕರೆಸುತ್ತೇವೆ.

ಸುಧಾರಣೆ ಆಗಿಲ್ಲ ಎಂದು ನಾನು ಹೇಳುವುದಿಲ್ಲ. 2014ರ ನವೆಂಬರ್‌ನಲ್ಲಿ ಜೀವನ್ ಪ್ರಮಾಣ್ ಬಂತು. ಬೆರಳಚ್ಚು ಅಥವಾ ಕಣ್ಣಿನ ಪಾಪೆಯ ಗುರುತಿನಿಂದ ಡಿಜಿಟಲ್ ಪ್ರಮಾಣಪತ್ರ ಕೊಡಬಹುದಾಯಿತು. 2020ರಿಂದ ಅಂಚೆಯವರು ಮನೆಗೇ ಬಂದು ಮಾಡಿಕೊಡುವ ಸೌಲಭ್ಯ ಸಿಕ್ಕಿತು. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿದರೂ ಸಾಕು. 80 ವರ್ಷ ದಾಟಿದ ಕೇಂದ್ರ ಸರ್ಕಾರಿ ಪಿಂಚಣಿದಾರರು ಅಕ್ಟೋಬರ್‌ನಲ್ಲೇ ಕೊಡಬಹುದು. ಹಾಸಿಗೆ ಹಿಡಿದವರಿಗೆ ಇವು ದೊಡ್ಡ ಆಸರೆ. ಆದರೆ ಬೀಡಿ ಕಟ್ಟಿ, ಅಡಿಕೆ ಸುಲಿದು, ಪಾತ್ರೆ ತಿಕ್ಕಿ ಸವೆದ ಬೆರಳುಗಳನ್ನು ಯಂತ್ರ ಸುಲಭಕ್ಕೆ ಒಪ್ಪುವುದಿಲ್ಲ. ಒರೆಸಿ ಮತ್ತೆ ಇಡಿ, ಬೇರೆ ಬೆರಳು ಇಡಿ, ಸ್ವಲ್ಪ ಒತ್ತಿ ಹಿಡಿಯಿರಿ ಎನ್ನುತ್ತಲೇ ಹೊತ್ತು ಕಳೆಯುತ್ತದೆ. ಕೆಲವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿರುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರ ಕಷ್ಟ ಬೇರೆ. ಕೇಳುವ ವಿಧಾನ ಹೊಸದಾಯಿತು, ಕೇಳುವ ಪ್ರಶ್ನೆ ಹಳೆಯದೇ ಉಳಿಯಿತು.

ಈ ಪ್ರಮಾಣಪತ್ರಕ್ಕಾಗಿ ಅಲೆಯುವವರಿಗೆ ಎರಡು ಮಾತು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ. ಪಿಂಚಣಿ ಕೊಡುವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಜೀವಿತ ಪ್ರಮಾಣಪತ್ರ ಸ್ವೀಕರಿಸಬೇಕು, ಸ್ವೀಕರಿಸಿದ್ದಕ್ಕೆ ಸಹಿ ಮಾಡಿದ ರಸೀದಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. ನಿಮ್ಮ ಶಾಖೆಗೇ ಹೋಗಿ ಎಂದರೆ ಹಿಂದಿರುಗಬೇಕಿಲ್ಲ. ರಸೀದಿಯನ್ನಂತೂ ಕೇಳಿ ಪಡೆಯಿರಿ, ಕಾಗದ ಕಳೆದುಹೋದರೆ ಅದೊಂದೇ ಆಧಾರ.

ಇನ್ನು ನಮ್ಮ ಹಳ್ಳಿಗಳ ಪಹಣಿಗಳನ್ನು ತೆಗೆದು ನೋಡಿ. ಬದುಕಿರುವವರನ್ನು ವರ್ಷವರ್ಷವೂ ಕರೆಸುವ ಇದೇ ವ್ಯವಸ್ಥೆಯಲ್ಲಿ ಸತ್ತವರು ದಶಕಗಳಿಂದ ಜಮೀನಿನ ಮಾಲೀಕರಾಗಿ ಉಳಿದಿದ್ದಾರೆ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಅಜ್ಜನ ಹೆಸರು, ಕೆಲವು ಕಡೆ ಮುತ್ತಜ್ಜನ ಹೆಸರು. ಇಂಥ ಲಕ್ಷಾಂತರ ಪಹಣಿಗಳು ರಾಜ್ಯದಲ್ಲಿವೆ. ಉಳುವವರು ಮೊಮ್ಮಕ್ಕಳು, ಆದರೆ ಹೆಸರು ತಮ್ಮದಲ್ಲದ ಕಾರಣ ಬೆಳೆ ಸಾಲ ಸಿಗುವುದಿಲ್ಲ, ಬೆಳೆ ಹಾನಿ ಪರಿಹಾರ ಖಾತೆಗೆ ಬರುವುದಿಲ್ಲ, ಪಿಎಂ ಕಿಸಾನ್ ಹಣಕ್ಕೆ ಅರ್ಹತೆ ಸಿಗುವುದಿಲ್ಲ. ಬರ ಬಂದ ವರ್ಷ ಇದರ ಬಿಸಿ ಗೊತ್ತಾಗುತ್ತದೆ. ನೆಲ ಒಣಗಿದ್ದು ಮೊಮ್ಮಗನದ್ದು, ಪರಿಹಾರಕ್ಕೆ ಹೆಸರಿರುವುದು ಅಜ್ಜನದು.

ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವೇನಲ್ಲ. 2000ದ ಆಸುಪಾಸಿನಲ್ಲೇ ಭೂಮಿ ಯೋಜನೆ ತಂದು ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ್ದು ನಾವು. ಕೈಬರಹದ ಪಹಣಿಗಾಗಿ ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುತ್ತಿದ್ದ ರೈತ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು. ಹೊರದೇಶದವರೂ ಬಂದು ನೋಡಿ ಹೋದರು. ಅದು ನಿಜಕ್ಕೂ ಹೆಮ್ಮೆಯ ಕೆಲಸ. ಆದರೆ ಪುಸ್ತಕದಲ್ಲಿ ಸತ್ತವರ ಹೆಸರಿದ್ದರೆ ಕಂಪ್ಯೂಟರಿಗೂ ಅದೇ ಹೆಸರು ಹೋಯಿತು. ಮರಣ ನೋಂದಣಿಯ ದಾಖಲೆಯೂ ಭೂದಾಖಲೆಯೂ ಎರಡು ಬೇರೆ ಕೋಣೆಗಳಲ್ಲೇ ಉಳಿದವು.

ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸಿಕೊಳ್ಳಲು ಹೊರಟವರನ್ನು ಕೇಳಿ ನೋಡಿ. ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ಎಲ್ಲ ವಾರಸುದಾರರ ಆಧಾರ್ ಬೇಕು, ಅವರ ಒಪ್ಪಿಗೆ ಬೇಕು. ಆಮೇಲೆ ನೋಟಿಸು, ತಕರಾರಿಗೆ ಕಾಲಾವಕಾಶ, ಮ್ಯುಟೇಶನ್. ಆಸ್ತಿಯ ವಿಚಾರವಾದ್ದರಿಂದ ಇಷ್ಟು ಎಚ್ಚರಿಕೆ ಬೇಕೇ ಬೇಕು. ತಂಗಿಯ ಪಾಲನ್ನು ಅಣ್ಣ ಸದ್ದಿಲ್ಲದೆ ನುಂಗಿದ ಕತೆಗಳು ನಮ್ಮಲ್ಲಿ ಕಡಿಮೆ ಇಲ್ಲ. ತೊಡಕು ಇರುವುದು ಮೊದಲ ಹೆಜ್ಜೆಯಲ್ಲಿ. 40 ವರ್ಷದ ಹಿಂದೆ ತೀರಿಹೋದ ಅಜ್ಜನಿಗೆ ಮರಣ ಪ್ರಮಾಣಪತ್ರ ಎಲ್ಲಿಂದ ತರುವುದು? ಆ ಕಾಲದಲ್ಲಿ ಹಳ್ಳಿಯಲ್ಲಿ ಮಣ್ಣು ಮಾಡಿ ಬಂದರೆ ಮುಗಿಯಿತು, ನೋಂದಾಯಿಸಿದವರು ಯಾರು? ವರ್ಷ ಮೀರಿದ ಮರಣವನ್ನು ನೋಂದಾಯಿಸಲು ಹಿಂದೆ ನ್ಯಾಯಾಲಯದ ಮೆಟ್ಟಿಲು ಹತ್ತಿ ಆದೇಶ ತರಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿಗಳ ಹಂತಕ್ಕೆ ತಂದಿದೆ. ದಾರಿ ಹತ್ತಿರವಾಗಿದೆ, ಅಲೆದಾಟ ಉಳಿದೇ ಇದೆ. ಇತ್ತೀಚೆಗೆ ಕಂದಾಯ ಇಲಾಖೆಯೇ ಪೌತಿ ಖಾತೆಗೆಂದು ಆಂದೋಲನ ಶುರು ಮಾಡಿ ಜನರ ಬಳಿಗೆ ಹೋಗುತ್ತಿರುವುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಸರಿಯಾದ ದಿಕ್ಕು ಅದು: ಕಚೇರಿ ಜನರ ಬಳಿಗೆ.

ದಾಖಲೆಯ ತಪ್ಪನ್ನು ಹೊರುವವರು ಯಾವಾಗಲೂ ದಾಖಲೆ ಬರೆದವರಲ್ಲ. ಉತ್ತರ ಪ್ರದೇಶದ ಆಜಮ್‌ಗಢ ಜಿಲ್ಲೆಯ ಲಾಲ್ ಬಿಹಾರಿ ಎಂಬ ರೈತನನ್ನು ಜಮೀನಿನ ಆಸೆಗೆ ಸಂಬಂಧಿಕರು ಕಾಗದದಲ್ಲಿ ಸಾಯಿಸಿದರು. ತಾನು ಬದುಕಿದ್ದೇನೆಂದು ದಾಖಲಾಗಲಿ ಎಂದು ಆತ 1989ರಲ್ಲಿ ರಾಜೀವ್ ಗಾಂಧಿಯವರ ಎದುರು ಚುನಾವಣೆಗೂ ನಿಂತ. 1994ರಲ್ಲಿ ಮತ್ತೆ ಜೀವಂತನೆಂದು ಬರೆಯಿಸಿಕೊಳ್ಳುವ ಹೊತ್ತಿಗೆ ಆತನ ಯೌವನವೇ ಕಳೆದಿತ್ತು. ತನ್ನಂತೆಯೇ ಕಾಗದದಲ್ಲಿ ಸತ್ತವರಿಗಾಗಿ ಮೃತಕ ಸಂಘವನ್ನೇ ಕಟ್ಟಿದ. ಒಂದು ಗೀಟು ಎಳೆಯುವುದಕ್ಕೆ ಕಚೇರಿಗೆ ಒಂದು ನಿಮಿಷ ಸಾಕು. ಅದನ್ನು ಅಳಿಸುವುದಕ್ಕೆ ಒಬ್ಬ ಬಡವನಿಗೆ ಅರ್ಧ ಆಯುಷ್ಯ ಬೇಕಾಯಿತು.

ನಾನು ಹೇಳಬೇಕಿರುವುದು ಇಷ್ಟು. ಒಂದು ಕಚೇರಿಗೆ ಗೊತ್ತಿರುವ ಸಂಗತಿಯನ್ನು ಇನ್ನೊಂದು ಕಚೇರಿಗೆ ಹೊತ್ತೊಯ್ಯುವ ಕೆಲಸವನ್ನು ಜನರ ತಲೆಗೆ ಕಟ್ಟಲಾಗಿದೆ. ತಹಶೀಲ್ದಾರರು ಕೊಟ್ಟ ಆದಾಯ ಪ್ರಮಾಣಪತ್ರವನ್ನು ಕಾಲೇಜಿಗೆ, ಪುರಸಭೆ ಕೊಟ್ಟ ಜನನ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಕಚೇರಿಗೆ, ಒಂದು ಇಲಾಖೆ ಕೊಟ್ಟ ಗುರುತಿನ ಚೀಟಿಯನ್ನು ಪಕ್ಕದ ಇಲಾಖೆಗೆ, ಪ್ರತಿ ಸಲ ಮೂಲ ಪ್ರತಿ ತೋರಿಸಿ, ಜೆರಾಕ್ಸ್ ಕೊಟ್ಟು, ಸಹಿ ಹಾಕಿ ಒಪ್ಪಿಸಬೇಕು. ಹೊತ್ತೊಯ್ಯುವ ದಾರಿಯಲ್ಲಿ ಕಾಗದ ಹರಿದರೆ, ಕಳೆದರೆ, ಒಂದು ಅಕ್ಷರ ವ್ಯತ್ಯಾಸ ಬಂದರೆ ತಪ್ಪು ಹೊತ್ತವರದೇ.

ಗೆಜೆಟೆಡ್ ಅಧಿಕಾರಿಯ ದೃಢೀಕರಣವನ್ನೇ ತೆಗೆದುಕೊಳ್ಳಿ. ಐವತ್ತು ದಾಟಿದವರಿಗೆಲ್ಲ ಅದು ನೆನಪಿರುತ್ತದೆ. ಅಂಕಪಟ್ಟಿಯ ನಕಲು ಹಿಡಿದು, ಪರಿಚಯದ ಡಾಕ್ಟರೋ ಕಾಲೇಜಿನ ಪ್ರಿನ್ಸಿಪಾಲರೋ ಹಸಿರು ಇಂಕಿನಲ್ಲಿ ಸಹಿ ಹಾಕುವವರೆಗೆ ಬಾಗಿಲಲ್ಲಿ ನಿಲ್ಲಬೇಕಿತ್ತು. ಪರಿಚಯ ಇಲ್ಲದವರ ಗತಿ ಕೇಳುವುದೇ ಬೇಡ. ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2009ರ ತನ್ನ 12ನೇ ವರದಿಯಲ್ಲಿ, ಜನರ ಸ್ವಯಂ ದೃಢೀಕರಣವನ್ನೇ ಒಪ್ಪಿಕೊಳ್ಳಿ ಎಂದು ಶಿಫಾರಸು ಮಾಡಿತು. ಕೇಂದ್ರ ಸರ್ಕಾರ 2014ರಲ್ಲಿ ಅದನ್ನು ತನ್ನ ಇಲಾಖೆಗಳಲ್ಲಿ ಜಾರಿಗೆ ತಂದು, ರಾಜ್ಯಗಳಿಗೂ ಹಾಗೆಯೇ ಮಾಡಲು ಹೇಳಿತು. ಆಮೇಲೆ ಯಾವ ಅನಾಹುತವೂ ಆಗಲಿಲ್ಲ. ನೌಕರಿ ಕೊಡುವಾಗ ಹೇಗಿದ್ದರೂ ಮೂಲ ದಾಖಲೆ ನೋಡುತ್ತಾರೆ. ನಡುವಿನ ಆ ಸಹಿ ಯಾವ ವಂಚನೆಯನ್ನೂ ತಡೆದಿರಲಿಲ್ಲ.

ಅದೇ ವರದಿ ಅಫಿಡವಿಟ್ಟಿನ ಹಾವಳಿ ತಗ್ಗಿಸಿ ಎಂದೂ ಹೇಳಿತ್ತು. ಅದು ಮಾತ್ರ ನಮ್ಮ ಕಚೇರಿಗಳಿಗೆ ಇನ್ನೂ ಕೇಳಿಸಿಲ್ಲ. ಅಂಕಪಟ್ಟಿ ಕಳೆದರೆ ಅಫಿಡವಿಟ್, ವಿಳಾಸ ಬದಲಾದರೆ ಅಫಿಡವಿಟ್, ಎರಡು ದಾಖಲೆಗಳಲ್ಲಿ ಹೆಸರು ಬೇರೆಯಾದರೆ ಅಫಿಡವಿಟ್. ಜನ ಇದನ್ನು ಬಾಂಡ್ ಪೇಪರ್ ಎನ್ನುತ್ತಾರೆ. ನೋಟರಿಯವರು ತಾಲ್ಲೂಕು ಕಚೇರಿಯ ಆಚೆ ಮರದ ಕೆಳಗೆ ಮೇಜು ಹಾಕಿಕೊಂಡು, ಒಳಗಿನ ಹೇಳಿಕೆ ನಿಜವೋ ಸುಳ್ಳೋ ತಿಳಿಯುವ ಯಾವ ದಾರಿಯೂ ಇಲ್ಲದೆ, ಸೀಲು ಹಾಕಿ ಕೊಡುತ್ತಾರೆ. ಖಾನಾಪುರದಿಂದ ಹೊರಟ ಅಬ್ದುಲ್ ಕರೀಂ ತೆಲಗಿ ಛಾಪಾ ಕಾಗದವನ್ನೇ ನಕಲಿಯಾಗಿ ಅಚ್ಚು ಹಾಕಿ ದೇಶವನ್ನು ನಡುಗಿಸಿದ್ದನ್ನು ನಾವು ಮರೆತಿಲ್ಲ. 2001ರಲ್ಲಿ ಆತನ ಬಂಧನವಾಯಿತು, ಮುಂದೆ ಇ-ಸ್ಟಾಂಪ್ ಬಂತು. ಕಾಗದ ಅಸಲಿಯಾಯಿತು ಸರಿ, ಅಸಲಿ ಕಾಗದದ ಮೇಲೆ ಬರೆದ ಮಾತ್ರಕ್ಕೆ ಮಾತು ಸತ್ಯವಾಗುವುದಿಲ್ಲ. ಸುಳ್ಳು ಘೋಷಣೆಗೆ ಶಿಕ್ಷೆ ಕಾನೂನಿನಲ್ಲಿ ಮೊದಲಿನಿಂದಲೂ ಇದೆ, ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದ ಘೋಷಣೆಗೂ ಅನ್ವಯಿಸುವಂತೆ ಮಾಡಬಹುದು. ಅದರ ಬದಲು ರಾಜ್ಯದಲ್ಲಿ ಅಫಿಡವಿಟ್ಟಿನ ಮುದ್ರಾಂಕ ಶುಲ್ಕವನ್ನು 20 ರೂಪಾಯಿಯಿಂದ 100 ರೂಪಾಯಿಗೆ ಏರಿಸಲಾಯಿತು. ಬೊಕ್ಕಸಕ್ಕೆ ಹಣ ಬೇಕೆಂಬುದು ನನಗೆ ಅರ್ಥವಾಗುತ್ತದೆ. ಆದರೆ ಕಚೇರಿಯೇ ತಪ್ಪು ಬರೆದ ಹೆಸರನ್ನು ಸರಿಪಡಿಸಿಕೊಳ್ಳಲು ಬಂದವರಿಂದ ಆ ಹಣ ಎತ್ತುವುದು ಅನ್ಯಾಯ.

ಹೆಸರಿನ ವಿಚಾರ ನಮ್ಮ ಸೀಮೆಯವರಿಗೆ ವಿಶೇಷ ಸಂಕಟ. ನಮ್ಮ ಹಿರಿಯರ ಹೆಸರಿಗೆ ಮುಂದೆ ಊರು, ಆಮೇಲೆ ತಂದೆಯ ಹೆಸರಿನ ಮೊದಲಕ್ಷರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದೇ ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ಅದು ಬಿಡಿಸಿ ಪೂರ್ಣ ಹೆಸರಾಗಿರುತ್ತದೆ, ಆಧಾರ್‌ನಲ್ಲಿ ಎರಡೂ ಇರುವುದಿಲ್ಲ. ಕನ್ನಡದಲ್ಲಿ ಲಕ್ಷ್ಮಿ ಒಂದೇ. ಇಂಗ್ಲಿಷಿಗೆ ಬಂದರೆ ಒಬ್ಬ ಆಪರೇಟರ್ ಎಕ್ಸ್ ಹಾಕುತ್ತಾನೆ, ಇನ್ನೊಬ್ಬ ಕೆ ಎಸ್ ಎಚ್ ಹಾಕುತ್ತಾನೆ. ಗೌಡರ ಹೆಸರಿಗೆ ಒಬ್ಬರು ಡಬ್ಲ್ಯು ಬರೆದರೆ ಮತ್ತೊಬ್ಬರು ಯು ಬರೆಯುತ್ತಾರೆ. ಗಾರ್ಮೆಂಟ್ಸ್‌ನಲ್ಲಿ ಹತ್ತಾರು ವರ್ಷ ಹೊಲಿದ ಹೆಂಗಸು ತನ್ನ ಪಿಎಫ್ ಹಣ ತೆಗೆಯಲು ಹೋದಾಗ ಈ ಒಂದು ಅಕ್ಷರ ಅಡ್ಡ ನಿಲ್ಲುತ್ತದೆ. ಹಣ ಅವಳ ಸಂಬಳದಿಂದಲೇ ಕಡಿತವಾದದ್ದು. ಕಡಿತ ಮಾಡುವಾಗ ಯಾರೂ ಅಕ್ಷರ ತಾಳೆ ನೋಡಿರಲಿಲ್ಲ. 2025ರ ಜನವರಿಯಲ್ಲಿ ಭವಿಷ್ಯ ನಿಧಿ ಸಂಸ್ಥೆ, 2017ರ ಅಕ್ಟೋಬರ್ ನಂತರ ಆಧಾರ್ ಮೂಲಕ ಖಾತೆ ಸಂಖ್ಯೆ ಪಡೆದವರು ಇಂಥ ತಪ್ಪುಗಳನ್ನು ತಾವೇ ತಿದ್ದಿಕೊಳ್ಳಬಹುದು ಎಂದಿತು. ಒಳ್ಳೆಯದೇ. ಅದಕ್ಕೂ ಹಿಂದೆ ಕೆಲಸಕ್ಕೆ ಸೇರಿದವರು, ಎಂದರೆ ಹೆಚ್ಚು ವರ್ಷ ದುಡಿದವರು, ಇಂದಿಗೂ ಹಳೆಯ ಮಾಲೀಕರ ಸಹಿಗಾಗಿ ಅಲೆಯುತ್ತಾರೆ.

ಈ ಅಲೆದಾಟದ ಬೆಲೆಯನ್ನು ನಾವು ಲೆಕ್ಕ ಹಾಕುವುದೇ ಇಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. 2025–26ರಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಖಾತೆಗೆ ಆಧಾರ್ ಜೋಡಿಸುವ ಎನ್‌ಪಿಸಿಐ ಮ್ಯಾಪಿಂಗ್ ಆಗಿಲ್ಲ ಎಂದು ಪಿಂಚಣಿ ನಿಂತಾಗ ಅಜ್ಜಿಯನ್ನು ಬ್ಯಾಂಕಿಗೂ ನಾಡಕಚೇರಿಗೂ ಕರೆದೊಯ್ಯಲು ಸೊಸೆ ಕೆಲಸ ಬಿಟ್ಟು ಬರಬೇಕು. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡಿಲ್ಲ, ನಿಜ. ಆದರೆ ಮೂರು ದಿನ ಕೂಲಿ ತಪ್ಪಿದರೆ ಹೆಚ್ಚುಕಡಿಮೆ ಒಂದು ತಿಂಗಳ ಪಿಂಚಣಿ ಅಲ್ಲಿಗೇ ಹೋಯಿತು. ಎನ್‌ಪಿಸಿಐ ಎಂದರೆ ಏನೆಂದು ಆ ಅಜ್ಜಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಅವಳ ಖಾತೆ ಬ್ಯಾಂಕಿಗೆ ಗೊತ್ತು, ಅವಳ ಆಧಾರ್ ಸರ್ಕಾರಕ್ಕೆ ಗೊತ್ತು.

ಕೌಂಟರಿನ ಆಚೆ ಕೂತವರನ್ನು ಬೈದು ಈ ಮಾತು ಮುಗಿಸುವುದು ಸುಲಭ, ಸರಿಯಲ್ಲ. ಗುಮಾಸ್ತರ ಜಾಗದಲ್ಲಿ ಕೂತು ಯೋಚಿಸಿ. ಒಂದು ಕಾಗದ ಹೆಚ್ಚಿಗೆ ಕೇಳಿದರೆ ಅವರನ್ನು ಯಾರೂ ಪ್ರಶ್ನಿಸುವುದಿಲ್ಲ. ಒಂದು ಕಾಗದ ಬಿಟ್ಟು ಕೆಲಸ ಮಾಡಿಕೊಟ್ಟರೆ ನಾಳೆ ಆಡಿಟ್ ಆಕ್ಷೇಪಣೆ ಬರಬಹುದು, ಇಲಾಖಾ ವಿಚಾರಣೆ ನಡೆಯಬಹುದು, ನಿವೃತ್ತಿಯ ಹೊತ್ತಿಗೆ ಸ್ವಂತ ಪಿಂಚಣಿಗೇ ಕುತ್ತು ಬರಬಹುದು. ಖಾಲಿ ಹುದ್ದೆಗಳ ಕೆಲಸವನ್ನೂ ಅವರೇ ಹೊತ್ತಿದ್ದಾರೆ. ಜನರನ್ನು ನಂಬಿದ್ದಕ್ಕೆ ಶಿಕ್ಷೆ ಇದೆ, ಅಲೆಸಿದ್ದಕ್ಕೆ ಇಲ್ಲ. ಹಾಗಿರುವಾಗ ಪ್ರಾಮಾಣಿಕ ನೌಕರ ಕೂಡ ಇನ್ನೊಂದು ಜೆರಾಕ್ಸ್ ತನ್ನಿ ಎಂದೇ ಹೇಳುತ್ತಾನೆ. ಲಂಚಕೋರನಿಗಂತೂ ಕೇಳಬಹುದಾದ ಪ್ರತಿ ಕಾಗದವೂ ಒಂದು ಆದಾಯ. ಬದಲಾಗಬೇಕಿರುವುದು ಈ ಲೆಕ್ಕಾಚಾರ.

ಕರ್ನಾಟಕ ಅದನ್ನು ಒಮ್ಮೆ ಧೈರ್ಯವಾಗಿ ಮುಟ್ಟಿತ್ತು. 2011ರಲ್ಲಿ ಕಾಯ್ದೆ ಮಾಡಿ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಸಕಾಲ ಯೋಜನೆಯನ್ನು ಜಾರಿಗೆ ತಂದಿತು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಜಿಎಸ್‌ಸಿ ಸಂಖ್ಯೆ, ಪ್ರತಿ ಸೇವೆಗೂ ಗೊತ್ತುಪಡಿಸಿದ ದಿನ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಮೊತ್ತ ಚಿಕ್ಕದು, ಆದರೆ ತಡ ಮಾಡಿದ್ದಕ್ಕೆ ಕಚೇರಿ ಬೆಲೆ ತೆರಬೇಕು ಎಂದು ಕಾನೂನೇ ಹೇಳಿದ್ದು ದೊಡ್ಡದು. ‘ನಾಳೆ ಬನ್ನಿ’ ಎಂಬ ಮಾತಿಗೆ ಅಷ್ಟರಮಟ್ಟಿಗೆ ಕಡಿವಾಣ ಬಿತ್ತು.

ಸಕಾಲದ ದೋಷ ಇರುವುದು ಅದರ ಗಡಿಯಾರ ಎಲ್ಲಿಂದ ಓಡಲು ಶುರುವಾಗುತ್ತದೆ ಎಂಬಲ್ಲಿ. ಅರ್ಜಿ ಸ್ವೀಕಾರವಾದ ಮೇಲಷ್ಟೇ ದಿನ ಎಣಿಸಲಾಗುತ್ತದೆ. ದಾಖಲೆ ಪೂರ್ತಿ ಇಲ್ಲ ಎಂದು ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ಗಡಿಯಾರ ಓಡುವುದೇ ಇಲ್ಲ. ವಿಳಂಬ ಎಂದು ಎಲ್ಲೂ ದಾಖಲಾಗದ ಅಲೆದಾಟ ಅದು, ಮತ್ತು ಜನ ಹೆಚ್ಚು ಸೋಲುವುದು ಅಲ್ಲೇ. ಅಂಕಿಅಂಶದಲ್ಲಿ ಸೇವೆ ಸಕಾಲಕ್ಕೆ ಸಿಕ್ಕಿರುತ್ತದೆ. ಅರ್ಜಿ ಒಪ್ಪಿಸುವುದಕ್ಕೇ ಎಷ್ಟು ಸಲ ಬಂದರೆಂಬುದು ಆ ಅಂಕಿಯ ಹೊರಗಿರುತ್ತದೆ.

ಮಾಡಲಾಗದ ಕೆಲಸವನ್ನು ನಾನು ಕೇಳುತ್ತಿಲ್ಲ, ಏಕೆಂದರೆ ನಮ್ಮ ರಾಜ್ಯದಲ್ಲೇ ಅದು ಆಗಿದೆ. ಮಕ್ಕಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬರೆದರೆ ಸಾಕು. ಕಂದಾಯ ಇಲಾಖೆಯ ದತ್ತಾಂಶದಿಂದ ವಿವರ ತಾನಾಗಿ ಬರುತ್ತದೆ. ಸಿಇಟಿಯಲ್ಲೂ ಮೀಸಲಾತಿಯ ಪರಿಶೀಲನೆಗೆ ಅದೇ ಸಂಖ್ಯೆ ಬಳಕೆಯಲ್ಲಿದೆ. ಹಿಂದೆ ಜೂನ್ ಬಂದರೆ ನಾಡಕಚೇರಿಗೂ ಕಾಲೇಜಿಗೂ ನಡುವೆ ಓಡುತ್ತಿದ್ದ ಅಪ್ಪ ಅಮ್ಮಂದಿರನ್ನು ಕಂಡವರಿಗೆ ಈ ಒಂದು ಸಂಖ್ಯೆಯ ಬೆಲೆ ಗೊತ್ತು. ಡಿಜಿಲಾಕರ್‌ನಲ್ಲಿರುವ ದಾಖಲೆಯನ್ನು ಮೂಲ ಪ್ರತಿಯಂತೆಯೇ ಪರಿಗಣಿಸಬೇಕೆಂದು ಕೇಂದ್ರದ ನಿಯಮವೂ ಇದೆ. ಎಸ್ಟೋನಿಯಾದಂಥ ಪುಟ್ಟ ದೇಶ 2001ರಲ್ಲೇ ತನ್ನ ಕಚೇರಿಗಳ ದತ್ತಾಂಶಗಳನ್ನು ಒಂದಕ್ಕೊಂದು ಬೆಸೆದು, ಒಮ್ಮೆ ಕೇಳಿದ್ದನ್ನು ಮತ್ತೆ ಕೇಳಬಾರದೆಂಬ ತತ್ವಕ್ಕೆ ಅಡಿಪಾಯ ಹಾಕಿತು. ಎಲ್ಲರ ಎಲ್ಲ ವಿವರ ಒಂದೇ ಕಡೆ ಗುಡ್ಡೆ ಬೀಳುವುದು ನನಗೂ ಬೇಡ. ಆಧಾರ್‌ಗೆ ಎಲ್ಲಿ ಮಿತಿ ಇರಬೇಕೆಂದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಸುಪ್ರೀಂ ಕೋರ್ಟಿನಲ್ಲಿ ಹೋರಾಡಿದ್ದೂ, 2018ರಲ್ಲಿ ಬ್ಯಾಂಕ್ ಖಾತೆ ಮತ್ತು ಸಿಮ್‌ಗೆ ಆಧಾರ್ ಕಡ್ಡಾಯ ಬೇಡವೆಂಬ ತೀರ್ಪು ಬಂದದ್ದೂ ನಮ್ಮ ಕಣ್ಣ ಮುಂದಿದೆ. ಇಲ್ಲಿ ಬೇಕಿರುವುದು ಕಡಿಮೆ: ಈ ಪ್ರಮಾಣಪತ್ರ ನೀವು ಕೊಟ್ಟದ್ದೇ ಎಂದು ಒಂದು ಕಚೇರಿ ಇನ್ನೊಂದನ್ನು ಕೇಳುವುದು, ಹೌದು ಅಥವಾ ಇಲ್ಲ ಎಂಬ ಉತ್ತರ ಪಡೆಯುವುದು.

ಅದಕ್ಕಾಗಿ ಸಕಾಲ ಕಾಯ್ದೆಗೆ ಒಂದು ಕಲಮು ಸೇರಬೇಕು. ರಾಜ್ಯದ ಯಾವುದೇ ಇಲಾಖೆ ಕೊಟ್ಟಿರುವ ದಾಖಲೆಯ ಸಂಖ್ಯೆಯನ್ನು ಅರ್ಜಿದಾರರು ಬರೆದರೆ ಸಾಕು, ಪ್ರತಿ ಕೇಳಕೂಡದು. ಅದಕ್ಕೂ ಮೀರಿ ಏನಾದರೂ ಬೇಕೆನಿಸಿದರೆ ಯಾವ ನಿಯಮದಡಿ ಬೇಕೆಂದು ಅಧಿಕಾರಿ ಬರೆದು ಕೊಡಬೇಕು, ಮತ್ತು ಗಡಿಯಾರ ಅರ್ಜಿದಾರರು ಮೊದಲು ಬಂದ ದಿನದಿಂದಲೇ ಓಡಬೇಕು. ನಿಯಮದಲ್ಲಿ ಇಲ್ಲದ ಕಾಗದವನ್ನು ಬಿಟ್ಟು ಕೆಲಸ ಮಾಡಿಕೊಟ್ಟ ನೌಕರನ ಮೇಲೆ ಆಡಿಟ್ ಆಕ್ಷೇಪಣೆ ಏಳಕೂಡದು ಎಂಬುದೂ ಅದರಲ್ಲೇ ಇರಬೇಕು. ಇದಿಲ್ಲದೆ ಉಳಿದದ್ದು ಕೆಲಸ ಮಾಡದು.

ಕಲಮು ಬರುವವರೆಗೂ ಕಾಯಬೇಕಿಲ್ಲ. ಅರ್ಜಿ ತಿರಸ್ಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ದಾಖಲಿಸಿ ಅರ್ಜಿದಾರರಿಗೆ ತಿಳಿಸಬೇಕೆಂದು ಸಕಾಲ ಈಗಲೇ ಹೇಳುತ್ತದೆ, ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ. ಕಿಟಕಿಯಲ್ಲಿ ಬಾಯಿಮಾತಿಗೆ ‘ಇದಾಗಲ್ಲ’ ಎಂದಾಗ, ಹಾಗೆಂದು ಬರೆದು ಕೊಡಿ ಸ್ವಾಮಿ ಎಂದು ಕೇಳಿ. ಓದುಬರಹ ಬಲ್ಲವರು ಪಕ್ಕದ ಸಾಲಿನಲ್ಲಿ ನಿಂತ ಓದು ಬಾರದವರ ಪರವಾಗಿಯೂ ಕೇಳಿ.